ತುಂಡಾಗದ ಮೂರು ಗಂಟೆ

"ನಿಮಗೆ ಟೈಮ್ ಹೇಗೆ ಸಿಗುತ್ತೆ?" ಅಂತ ನನ್ನನ್ನು ಕೇಳದವರಿಲ್ಲ. ಕಚೇರಿಯಲ್ಲಿ ಪಕ್ಕದ ಟೇಬಲಿನವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಮಗಳ ಶಾಲೆ ಗೇಟಿನ ಹತ್ತಿರ ಸಿಗುವ ಅಮ್ಮಂದಿರು ಕೇಳುತ್ತಾರೆ. ಅದರಲ್ಲಿ ಮೆಚ್ಚುಗೆ ಎಷ್ಟು, ಕೊಂಕು ಎಷ್ಟು ಅನ್ನುವುದು ಕೇಳುವವರ ಮೇಲೆ ಹೋಗುತ್ತದೆ. ನಮ್ಮ ಮನೆಯವರು ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಹೊರಟರೆ ನಾಲ್ಕು ಗಂಟೆ ಬಿಟ್ಟು ಬರುತ್ತಾರೆ. ಅವರನ್ನು ಒಬ್ಬರೂ ಹೀಗೆ ಕೇಳಿದ್ದನ್ನು ನಾನು ಕಾಣೆ. ಅವರದು ವ್ಯಾಯಾಮ. ನನ್ನದು ಹುಚ್ಚು.

ಹುಚ್ಚು ಏನಪ್ಪಾ ಅಂದರೆ, ನಾನು ಒಂದು ಟೆಲಿಸ್ಕೋಪಿಗೆ ಕನ್ನಡಿ ತಿಕ್ಕುತ್ತಿದ್ದೇನೆ. ಆರು ಇಂಚು ಅಗಲದ ದಪ್ಪ ಗಾಜಿನ ಬಿಲ್ಲೆಗಳು ಎರಡು. ಒಂದನ್ನು ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರುವ ಸ್ಟ್ಯಾಂಡಿನ ಮೇಲೆ ಅಲುಗಾಡದ ಹಾಗೆ ಕೂರಿಸಿದ್ದೇನೆ. ಅದರ ಮೇಲೆ ಚಿಟಿಕೆ ಕಾರ್ಬೊರಂಡಮ್, ಅಂದರೆ ಗಾಜನ್ನು ಸವೆಸುವ ಗಡಸು ಪುಡಿ, ನಾಲ್ಕು ಹನಿ ನೀರು. ಮೇಲೆ ಇನ್ನೊಂದು ಬಿಲ್ಲೆ. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ತಳ್ಳಬೇಕು, ತಳ್ಳುತ್ತಲೇ ಗಾಜನ್ನು ಒಂದಿಷ್ಟು ತಿರುಗಿಸಬೇಕು, ಆಗಾಗ ನಾವೂ ಸ್ಟ್ಯಾಂಡಿನ ಸುತ್ತ ಒಂದು ಹೆಜ್ಜೆ ಸರಿಯಬೇಕು. ಇಷ್ಟೇ. ಇಷ್ಟನ್ನೇ ಸಾವಿರಾರು ಸಲ ಮಾಡಿದರೆ ಮೇಲಿನ ಗಾಜು ನಡುವೆ ತಗ್ಗಾಗುತ್ತಾ ಬರುತ್ತದೆ, ಕೆಳಗಿನದು ಉಬ್ಬುತ್ತಾ ಹೋಗುತ್ತದೆ. ಯಾವ ಅಚ್ಚೂ ಬೇಡ, ಯಂತ್ರವೂ ಬೇಡ. ಎರಡು ಮೇಲ್ಮೈಗಳು ಎಲ್ಲ ದಿಕ್ಕಿನಲ್ಲೂ ಉಜ್ಜಿಕೊಂಡು ಎಲ್ಲ ಕಡೆಯೂ ಒಂದಕ್ಕೊಂದು ತಾಗಬೇಕೆಂದರೆ ಗೋಳದ ಆಕಾರ ಬಿಟ್ಟು ಅವಕ್ಕೆ ಬೇರೆ ದಾರಿಯೇ ಇಲ್ಲ. ನನಗೆ ಬೇಕಾಗಿರುವುದು 48 ಇಂಚು ಫೋಕಲ್ ಲೆಂಗ್ತ್, ಅಂದರೆ ಕನ್ನಡಿಯಿಂದ ಅಷ್ಟು ದೂರದಲ್ಲಿ ನಕ್ಷತ್ರದ ಬೆಳಕು ಒಂದು ಚುಕ್ಕೆಗೆ ಬಂದು ಸೇರಬೇಕು. ಅದಕ್ಕೆ ನಡುವಿನ ತಗ್ಗು ಸುಮಾರು 1.2 ಮಿಲಿಮೀಟರ್ ಆದರೆ ಸಾಕು. ಅಲ್ಲಿಗೆ ಮುಟ್ಟುವುದು ಸುಲಭದ ಭಾಗ. ಆಮೇಲೆ ಅದನ್ನು ನಯ ಮಾಡಿ, ಹೊಳಪು ಕೊಟ್ಟು, ಕೊನೆಗೆ ಮೇಲ್ಮೈಯನ್ನು ಸುಮಾರು 70 ನ್ಯಾನೋಮೀಟರಿನ ಒಳಗೆ ತಿದ್ದಬೇಕು. ಕೂದಲಿನ ದಪ್ಪದ ಸಾವಿರದ ಒಂದು ಪಾಲು ಅಂದುಕೊಳ್ಳಿ. ಅದನ್ನೂ ಕೈಯಿಂದಲೇ.

"ಅಲ್ಲಮ್ಮಾ, ಅಂಗಡಿಯಲ್ಲಿ ಸಿಗೋದನ್ನ ಮನೆಯಲ್ಲಿ ಯಾಕೆ ತಿಕ್ತೀಯ?" ಅಂತ ಅತ್ತೆ ಶುರುವಿನಲ್ಲೇ ಕೇಳಿದ್ದರು. ಸರಿಯಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮಾಡಬೇಕು ಅನ್ನಿಸಿದೆ, ಮಾಡುತ್ತಿದ್ದೇನೆ.

ಹೊಟ್ಟೆಪಾಡಿಗೆ ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಈ ಕೆಲಸ ಮಾಡುವವರಿಗೆ ತಿಂಗಳು ಅಂದರೆ ಮೂವತ್ತು ದಿನ ಅಲ್ಲ. ಲೆಕ್ಕ ಮುಗಿಸುವ ವಾರ, ಮಿಕ್ಕ ವಾರಗಳು, ಎರಡೇ. ಬ್ಯಾಂಕಿನ ಲೆಕ್ಕ ತಾಳೆ ಆಗಬೇಕು, ಬಾಕಿ ಬಿಲ್ಲುಗಳಿಗೆ ಪ್ರಾವಿಷನ್ ಮಾಡಬೇಕು, ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಎರಡು ಬದಿಯ ಮೊತ್ತ, ಕೂಡಬೇಕು. ಆ ವಾರ ಮನೆಯವರಿಗೂ ಗೊತ್ತು, ನನ್ನನ್ನು ಏನೂ ಕೇಳಬಾರದು ಅಂತ. ಕೇಳಿದರೂ ನಾನು "ಹ್ಞೂಂ" ಅನ್ನುತ್ತೇನೆ, ಆದರೆ ಏನಕ್ಕೆ ಅಂದೆ ಅನ್ನುವುದು ನನಗೇ ತಿಳಿದಿರುವುದಿಲ್ಲ. ಮಗಳು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾಳೆ. ಒಪ್ಪಿಗೆ ಬೇಕಾದ ವಿಷಯಗಳನ್ನೆಲ್ಲ ಆ ವಾರಕ್ಕೇ ಎತ್ತಿಡುತ್ತಾಳೆ.

ಮನೆಯಲ್ಲಿ ನಾಲ್ಕು ಜನ. ಮಗಳಿಗೆ ಎಂಟು ವರ್ಷ. ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಆಯಿತು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು. ಒಂದು ಬಾಟಲಿ ಅಲ್ಲ, ಎರಡು. ಒಂದು ಹಾಕಿದ ತಕ್ಷಣ ಇನ್ನೊಂದು ಹಾಕಿದರೆ ಮೊದಲಿನದು ತೊಳೆದು ಹೋಗುತ್ತದೆ, ಅದಕ್ಕೇ ನಡುವೆ ಐದು ನಿಮಿಷ ಬಿಡಿ ಅಂತ ಡಾಕ್ಟರು ಹೇಳಿದ್ದರು. ನಾನು ಈ ಬರಹದಲ್ಲಿ ಹೇಳಬೇಕು ಅಂತಿರುವ ವಿಷಯ ಹೊಳೆದದ್ದು ಆ ಐದು ನಿಮಿಷದಲ್ಲೇ.

ಕನ್ನಡಿ ತಿಕ್ಕುವವರಲ್ಲಿ "ವೆಟ್" ಅನ್ನುವ ಒಂದು ಅಳತೆ ಇದೆ. ಪುಡಿ ಉದುರಿಸಿ ನೀರು ಚಿಮುಕಿಸಿ ತಿಕ್ಕಲು ಶುರು ಮಾಡಿದಾಗ ಕರಕರ ಅಂತ ಜೋರು ಸದ್ದು ಬರುತ್ತದೆ. ಪುಡಿಯ ಚೂಪು ಸವೆದ ಹಾಗೆ ಸದ್ದು ಇಳಿಯುತ್ತದೆ, ಕೈಗೆ ಹತ್ತುವ ಬಿಗಿಯೂ ಬದಲಾಗುತ್ತದೆ. ಅಲ್ಲಿಗೆ ಒಂದು ವೆಟ್ ಮುಗಿಯಿತು. ಐದರಿಂದ ಹತ್ತು ನಿಮಿಷ. ಮೇಲಿನ ಗಾಜನ್ನು ಪಕ್ಕಕ್ಕೆ ಜಾರಿಸಿ ತೆಗೆದಿಟ್ಟರೆ ಎಷ್ಟು ಹೊತ್ತು ಬೇಕಾದರೂ ಬಿಟ್ಟು ಹೋಗಬಹುದು. ತೆಗೆದಿಡಲೇಬೇಕು, ಅದೊಂದೇ ಷರತ್ತು. ಪುಡಿ ನಯವಾಗುತ್ತಾ ಹೋದ ಹಾಗೆ ಎರಡು ಗಾಜಿನ ನಡುವಿನ ಅಂತರ ತೀರಾ ಕಡಿಮೆಯಾಗುತ್ತದೆ. ನೀರು ಆರುವವರೆಗೆ ಒಂದರ ಮೇಲೊಂದು ಬಿಟ್ಟರೆ ಕಚ್ಚಿಕೊಂಡು ಕೂರುತ್ತವೆ, ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಾಗಾಗಿ ಯಾರು ಕೂಗಿದರೂ ನನ್ನ ಉತ್ತರ ಒಂದೇ, "ಕನ್ನಡಿ ತೆಗೆದಿಟ್ಟು ಬಂದೆ." ಈಗ ಮಗಳೂ ಆಟದ ಮಧ್ಯೆ ಊಟಕ್ಕೆ ಕರೆದರೆ ಇದನ್ನೇ ಹೇಳುತ್ತಾಳೆ. ಅವಳ ಹತ್ತಿರ ಯಾವ ಕನ್ನಡಿಯೂ ಇಲ್ಲ.

ಅತ್ತೆಗೆ ಮೊದಲ ಡ್ರಾಪ್ಸ್ ಹಾಕುವುದು, ಅವರು ಕಣ್ಣು ಮುಚ್ಚಿ ಒರಗುವುದು, ನಾನು ಬಾಲ್ಕನಿಗೆ ಬಂದು ಒಂದು ವೆಟ್ ತಿಕ್ಕುವುದು, ಕೈ ತೊಳೆದು ಹೋಗಿ ಎರಡನೇ ಡ್ರಾಪ್ಸ್ ಹಾಕುವುದು. ಹೀಗೆ ನಡೆದಿತ್ತು. ಕಣ್ಣು ಮುಚ್ಚಿಕೊಂಡೇ ಅತ್ತೆ ಸದ್ದು ಕೇಳಿಸಿಕೊಳ್ಳುತ್ತಿದ್ದರು. "ಸದ್ದು ಸಣ್ಣಗಾಯ್ತು, ಬಾ ಇನ್ನು" ಅಂತ ಅವರೇ ಕರೆಯುತ್ತಿದ್ದರು. ಕೊನೆಕೊನೆಗೆ ನಾನು ಗಡಿಯಾರ ನೋಡುವುದನ್ನೇ ಬಿಟ್ಟೆ.

ಕೆಲಸ, ಸಂಸಾರ, ಹವ್ಯಾಸ ಮೂರನ್ನೂ ಹೇಗೆ ಸಂಭಾಳಿಸುವುದು ಅಂತ ಬರೆಯುವವರು ಸಾಮಾನ್ಯವಾಗಿ ಗಂಟೆಗಳ ಲೆಕ್ಕ ಕೊಡುತ್ತಾರೆ. ಬೆಳಿಗ್ಗೆ ಐದಕ್ಕೆ ಏಳಿ, ಫೋನ್ ದೂರ ಇಡಿ, ದಿನಕ್ಕೆ ಒಂದು ಗಂಟೆ ಉಳಿಸಿ, ವರ್ಷಕ್ಕೆ 365 ಗಂಟೆ ಆಯಿತು ನೋಡಿ. ಲೆಕ್ಕದವಳಾಗಿ ಹೇಳುತ್ತೇನೆ, ಈ ಕೂಡಿಕೆ ಸರಿಯಿದೆ, ಆದರೆ ಕೂಡಿಸಬಾರದ್ದನ್ನು ಕೂಡಿಸಿದೆ. ಆರು ಹತ್ತು ನಿಮಿಷ ಸೇರಿದರೆ ಒಂದು ಗಂಟೆ ಆಗುವುದು ಕೆಲವು ಕೆಲಸಗಳಿಗೆ ಮಾತ್ರ. ತಿಕ್ಕುವ ಕೆಲಸಕ್ಕೆ ಆಗುತ್ತದೆ. ವೋಚರ್ ಎಂಟ್ರಿಗೆ ಆಗುತ್ತದೆ, ಬಟ್ಟೆ ಮಡಚುವುದಕ್ಕೆ ಆಗುತ್ತದೆ. ಕೂಡಿ ಬಾರದ ಟ್ರಯಲ್ ಬ್ಯಾಲೆನ್ಸಿನಲ್ಲಿ ವ್ಯತ್ಯಾಸ ಹುಡುಕುವುದಕ್ಕೆ ಆಗುವುದಿಲ್ಲ. ಶಾಲೆಯಲ್ಲಿ ಯಾರೋ ಏನೋ ಅಂದರು ಅಂತ ಮುಖ ಊದಿಸಿಕೊಂಡು ಬಂದ ಮಗುವಿನ ಜೊತೆಗೂ ಆಗುವುದಿಲ್ಲ. ಅವಳು ವಿಷಯಕ್ಕೆ ಬರುವ ಮೊದಲು ಅರ್ಧ ಗಂಟೆ ಬೇರೆ ಏನೇನೋ ಹೇಳುತ್ತಾಳೆ. ಆ ಅರ್ಧ ಗಂಟೆಯನ್ನು ಹತ್ತು ಹತ್ತು ನಿಮಿಷದ ಕಂತಿನಲ್ಲಿ ಕೊಟ್ಟರೆ ಆ ವಿಷಯ ಹೊರಗೆ ಬರುವುದೇ ಇಲ್ಲ.

ಹಾಗಾಗಿ ನಾನು ಕೆಲಸಗಳನ್ನು ಕಚೇರಿಯದು, ಮನೆಯದು, ನನ್ನದು ಅಂತ ವಿಂಗಡಿಸುವುದನ್ನು ಬಿಟ್ಟೆ. ತುಂಡು ಮಾಡಿದರೆ ಸಹಿಸಿಕೊಳ್ಳುವ ಕೆಲಸ ಯಾವುದು, ಸಹಿಸದ್ದು ಯಾವುದು ಅಂತ ನೋಡುತ್ತೇನೆ. ಮೂರು ಕಡೆಯೂ ಎರಡೂ ಬಗೆ ಇವೆ.

ಇದಕ್ಕೆ ಮನಸ್ಸಿನ ಕಡೆಯಿಂದಲೂ ಕಾರಣ ಇದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡು ಉಳಿಯುತ್ತದೆ, ಹೊಸ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದರು. ಆಮೇಲೆ 2018ರಲ್ಲಿ ಥೆರೆಸಾ ಗ್ಲೋಂಬ್ ಜೊತೆ ಸೇರಿ ಇನ್ನೊಂದು ಬರೆದರು. ಯಾರಾದರೂ ಅಡ್ಡ ಬಂದಾಗ, ಏಳುವ ಮೊದಲು "ಎಲ್ಲಿಗೆ ನಿಂತಿದೆ, ತಿರುಗಿ ಬಂದಾಗ ಏನು ಮಾಡಬೇಕು" ಅಂತ ಒಂದು ನಿಮಿಷ ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಅಂತ. ನಾನು ಇದನ್ನು ಓದಿ ಕಲಿತವಳಲ್ಲ. ವೋಚರಿನ ಕೆಳಗೆ ವಿವರಣೆ ಬರೆಯದೆ ಏಳಬಾರದು ಅಂತ ನನಗೆ ಕೆಲಸ ಕಲಿಸಿದ ಹಿರಿಯರು ಬೈದು ಬೈದು ರೂಢಿ ಮಾಡಿಸಿದ್ದರು. ಅದೇ ಚಾಳಿ ಬಾಲ್ಕನಿಗೂ ಬಂತು. ಸ್ಟ್ಯಾಂಡಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ. "220ನೇ ನಂಬರ್ ಪುಡಿ. ಅಂಚಿನ ಹತ್ತಿರ ಇನ್ನೂ ಗುಂಡಿಗಳಿವೆ. ಲೆನ್ಸ್ ಹಿಡಿದು ನೋಡು. ಮುಂದಿನ ಸಲ ಗಾಜುಗಳನ್ನು ಮೇಲೆ ಕೆಳಗೆ ಬದಲಿಸು." ಇಷ್ಟು ಗೀಚಿ ಒಳಗೆ ಹೋದರೆ ಮಗಳ ಮಗ್ಗಿ ಒಪ್ಪಿಸಿಕೊಳ್ಳುವಾಗ ತಲೆಯಲ್ಲಿ ಗಾಜು ತಿರುಗುವುದಿಲ್ಲ. ಕಚೇರಿಯಿಂದ ಹೊರಡುವಾಗಲೂ ಒಂದು ಚೀಟಿ. ಅದು ಇಲ್ಲದ ದಿನ ದಾರಿಯುದ್ದಕ್ಕೂ ಯಾವುದೋ ಪಾರ್ಟಿಯ ಬಾಕಿಯನ್ನೇ ಎಣಿಸುತ್ತಾ ಬಂದಿರುತ್ತೇನೆ.

ಆದರೆ ಚೀಟಿ, ನೋಟ್‌ಬುಕ್ ಎಲ್ಲ ತುಂಡಾಗುವ ಕೆಲಸಕ್ಕೆ. ತುಂಡಾಗದ್ದಕ್ಕೆ ಚೀಟಿ ಉಪಯೋಗವಿಲ್ಲ.

ಕನ್ನಡಿ ಕೆಲಸದಲ್ಲಿ ಅಂಥ ಜಾಗಗಳು ಕೆಲವು. ಮೊದಲನೆಯದು ಪುಡಿ ಬದಲಿಸುವುದು. 80ನೇ ನಂಬರಿನಿಂದ ಶುರು ಮಾಡಿ 120, 220, 320 ಅಂತ ಹೋಗಬೇಕು, ನಂಬರ್ ಏರಿದಷ್ಟೂ ಪುಡಿ ನಯ. ಒಂದರಿಂದ ಮುಂದಿನದಕ್ಕೆ ಹೋಗುವಾಗ ಹಳೆಯ ಪುಡಿಯ ಒಂದೇ ಒಂದು ಕಣ ಉಳಿದರೂ ಗೀರು ಬೀಳುತ್ತದೆ. ಗೀರು ಬಿದ್ದರೆ ಹಿಂದಿನ ನಂಬರಿಗೇ ವಾಪಸ್. ಆದ್ದರಿಂದ ಗಾಜು, ಸ್ಟ್ಯಾಂಡ್, ಬಕೆಟ್, ಸ್ಪಂಜು, ಉಗುರಿನ ಸಂದಿ ಎಲ್ಲ ತೊಳೆಯಬೇಕು, ಹಾಸಿದ ಪೇಪರ್ ಸುತ್ತಿ ಎಸೆಯಬೇಕು, ಹಾಕಿಕೊಂಡ ಬಟ್ಟೆ ಬದಲಿಸಬೇಕು. ತೊಳೆದ ನೀರನ್ನು ಸಿಂಕಿಗೆ ಬಿಡುವ ಹಾಗಿಲ್ಲ, ಪುಡಿ ಪೈಪಿನ ಬಾಗಿನಲ್ಲಿ ಕೂತು ಕಲ್ಲಾಗುತ್ತದೆ. ಬಕೆಟ್ಟಿನಲ್ಲೇ ತಳಕ್ಕೆ ಇಳಿಯಲು ಬಿಟ್ಟು ಮೇಲಿನ ನೀರು ಚೆಲ್ಲಬೇಕು. ಇದರ ಮಧ್ಯೆ ಫೋನ್ ಎತ್ತಿದರೆ, ಬಾಗಿಲು ತೆಗೆದರೆ, ಮಗುವಿಗೆ ಜಡೆ ಹಾಕಿದರೆ ತೊಳೆದದ್ದೆಲ್ಲ ಮತ್ತೆ ಶುರುವಿನಿಂದ.

ಎರಡನೆಯದು ಪಿಚ್. ಹೊಳಪು ಕೊಡುವ ಹಂತದಲ್ಲಿ ಗಾಜಿನ ಮೇಲೆ ಗಾಜು ತಿಕ್ಕುವುದಿಲ್ಲ. ಕೆಳಗಿನ ಬಿಲ್ಲೆಯ ಮೇಲೆ ಪಿಚ್ ಅನ್ನುವ ರಾಳದಂಥ ಪದಾರ್ಥವನ್ನು ಕರಗಿಸಿ ಎರೆದು, ಅದು ಗಟ್ಟಿಯಾಗುವ ಮೊದಲು ಕನ್ನಡಿಯನ್ನೇ ಒತ್ತಿ ಅದರ ಆಕಾರ ಮೂಡಿಸಿ, ಚೌಕ ಚೌಕವಾಗಿ ಕಾಲುವೆ ಕೊರೆದು, ಅದಕ್ಕೆ ಸೀರಿಯಂ ಆಕ್ಸೈಡ್ ಅನ್ನುವ ಹೊಳಪು ಕೊಡುವ ಪುಡಿ ಹಚ್ಚಿ ತಿಕ್ಕಬೇಕು. ಪಿಚ್ ತೀರಾ ಬಿಸಿಯಾದರೆ ಹರಿದು ಹೋಗುತ್ತದೆ, ತಣ್ಣಗಾದರೆ ಒತ್ತಿದರೂ ಕೂರುವುದಿಲ್ಲ. ಆವಿಗೆ ಬೆಂಕಿ ತಗಲುವ ಭಯ ಇರುವುದರಿಂದ ನಿಧಾನಕ್ಕೆ, ಕಣ್ಣೆದುರಿಗೇ ಕರಗಿಸಬೇಕು. ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಎಂಟು ವರ್ಷದ ಮಗು ಓಡಾಡುವ ಮನೆಯಲ್ಲಿ ಇದನ್ನು ಮಾಡುವುದಾದರೆ ಮಗು ಮನೆಯಲ್ಲಿ ಇರಬಾರದು. ಸಿದ್ಧತೆ, ಎರೆಯುವುದು, ಒತ್ತುವುದು, ಶುಚಿ ಮಾಡುವುದು ಎಲ್ಲ ಸೇರಿ ನನ್ನ ಅಂದಾಜು ಮೂರು ಗಂಟೆ. ಒಂದೇ ತುಂಡು.

ಅದಾದ ಮೇಲೆ ಬರುವುದು ಕನ್ನಡಿಯ ಆಕಾರ ಸರಿಯಾಗಿದೆಯೇ ಅನ್ನುವ ಪರೀಕ್ಷೆ. ಫ್ರಾನ್ಸಿನ ವಿಜ್ಞಾನಿ ಲಿಯಾನ್ ಫೂಕೋ 1858ರಲ್ಲಿ ಕಂಡುಹಿಡಿದ ವಿಧಾನವೇ ಇವತ್ತಿಗೂ ಮನೆಯಲ್ಲಿ ಕನ್ನಡಿ ಮಾಡುವವರ ಆಧಾರ. ಒಂದು ಸಣ್ಣ ದೀಪ, ಒಂದು ಬ್ಲೇಡು, ಅಷ್ಟೇ ಸಾಮಾನು. ಗಾಜಿನ ಮೇಲೆ ಒಂದು ಕ್ಷಣ ಹೆಬ್ಬೆರಳು ಒತ್ತಿ ತೆಗೆದರೆ ಆ ಶಾಖಕ್ಕೆ ಉಬ್ಬಿದ ಜಾಗ ಅದರಲ್ಲಿ ಗುಡ್ಡದ ಹಾಗೆ ಕಾಣುತ್ತದಂತೆ. ಹಾಗಾಗಿ ತಿಕ್ಕಿ ಬಿಸಿಯಾದ ಗಾಜು ತಣಿಯುವವರೆಗೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಮನೆಕೆಲಸ ಮಾಡಬಹುದು. ಕನ್ನಡಿ ನನಗೆ ಅನುಕೂಲ ಮಾಡಿಕೊಡುವ ಅಪರೂಪದ ಜಾಗ ಇದು.

ಈಗ ವಿಲಿಯಂ ಹರ್ಷೆಲ್ ವಿಷಯಕ್ಕೆ ಬರುತ್ತೇನೆ. ಟೆಲಿಸ್ಕೋಪ್ ಮಾಡುವ ಯಾರೂ ಈ ಮನುಷ್ಯನನ್ನು ದಾಟಿ ಹೋಗುವ ಹಾಗಿಲ್ಲ. 1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಊರಿನಲ್ಲಿ, ತನ್ನ ಮನೆಯ ಹಿತ್ತಲಿನಿಂದ, ತಾನೇ ಮಾಡಿದ ಏಳು ಅಡಿ ಟೆಲಿಸ್ಕೋಪಿನಲ್ಲಿ ಯುರೇನಸ್ ಕಂಡವನು. ಆ ಟೆಲಿಸ್ಕೋಪಿನ ಕನ್ನಡಿ ಆರು ಇಂಚಿಗಿಂತ ಸ್ವಲ್ಪವೇ ದೊಡ್ಡದು, ಗಾಜಿನದಲ್ಲ, ತಾಮ್ರ ತವರ ಬೆರೆಸಿದ ಲೋಹದ್ದು. ಆಗ ಅವನು ಖಗೋಳ ವಿಜ್ಞಾನಿಯೇ ಅಲ್ಲ. ಅವನ ಕಸುಬು ಸಂಗೀತ. ಚಾಪೆಲ್‌ನಲ್ಲಿ ಆರ್ಗನ್ ನುಡಿಸುವುದು, ಪಾಠ ಹೇಳುವುದು, ಸಂಗೀತ ಕಚೇರಿಗಳನ್ನು ನಡೆಸುವುದು. ಟೆಲಿಸ್ಕೋಪ್ ರಾತ್ರಿಯ ಹವ್ಯಾಸ. ಹೊಟ್ಟೆಪಾಡು ಒಂದು, ಹುಚ್ಚು ಒಂದು ಇಟ್ಟುಕೊಂಡವರಿಗೆಲ್ಲ ಇವನು ಮಾದರಿ ಅಂತ ನಾನೂ ಮೊದಲು ಅಂದುಕೊಂಡಿದ್ದೆ.

ಅವನ ತಂಗಿ ಕ್ಯಾರೊಲಿನ್ 1772ರಲ್ಲಿ ಅಣ್ಣನ ಮನೆಗೆ ಬಂದಳು, ಗಾಯಕಿಯಾಗಲಿಕ್ಕೆ. ಹಾಡಿದಳು ಕೂಡ. ಜೊತೆಗೆ ಮನೆಯ ಲೆಕ್ಕ, ಅಡುಗೆ, ಆಳುಗಳ ಉಸ್ತುವಾರಿ, ಅಣ್ಣನ ಸಂಗೀತದ ಹಾಳೆಗಳ ನಕಲು. ಅಷ್ಟರಲ್ಲಿ ಅಣ್ಣನಿಗೆ ಟೆಲಿಸ್ಕೋಪಿನ ಗೀಳು ಹತ್ತಿತು, ಮನೆಯ ಕೋಣೆ ಕೋಣೆಯೂ ಕಾರ್ಖಾನೆ ಆಯಿತು. ಸಂಗೀತ ಕಚೇರಿಗೆ ಹಾಕಿಕೊಂಡು ಹೋಗುವ ಲೇಸಿನ ಅಂಗಿತೋಳು ಹರಿಯುತ್ತಿತ್ತು, ಕರಗಿದ ಪಿಚ್ ಸಿಡಿದು ಹಾಳಾಗುತ್ತಿತ್ತು ಅಂತ ಅವಳು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಪಿಚ್ ವಿಷಯ ಓದಿದಾಗ ನನಗೆ ಅವಳು ಪಕ್ಕದ ಮನೆಯವಳು ಅನ್ನಿಸಿತು. ಒಮ್ಮೆ ಅಣ್ಣ ಏಳು ಅಡಿ ಟೆಲಿಸ್ಕೋಪಿನ ಕನ್ನಡಿಯೊಂದನ್ನು ಮುಗಿಸುವಾಗ ಹದಿನಾರು ಗಂಟೆ ಅದರಿಂದ ಕೈ ತೆಗೆಯಲಿಲ್ಲ. ಅವನು ಬದುಕಿ ಉಳಿಯಬೇಕಲ್ಲ, ತಂಗಿ ಊಟವನ್ನು ತುತ್ತು ತುತ್ತಾಗಿ ಬಾಯಿಗೆ ಇಟ್ಟಳು. ಬೇಸರ ಆಗದಿರಲಿ ಅಂತ ಕಥೆ ಪುಸ್ತಕ ಓದಿ ಹೇಳುತ್ತಿದ್ದಳು.

ಈ ಕಥೆಯನ್ನು ಒಂದು ಸಂಜೆ ಅತ್ತೆಗೆ ಹೇಳಿದೆ. ಹರ್ಷೆಲ್‌ನ ಏಕಾಗ್ರತೆ ನೋಡಿ ಅಂತ ಹೇಳಲು ಹೊರಟಿದ್ದೆ. ಅತ್ತೆ ಎಲ್ಲ ಕೇಳಿ, "ಆ ತಂಗಿಗೆ ಯಾರು ತಿನ್ನಿಸಿದ್ರು?" ಅಂದರು.

ಅಲ್ಲಿಂದಾಚೆ ನಾನು ಹರ್ಷೆಲ್ ಕಥೆಯನ್ನು ಹಳೆಯ ಹಾಗೆ ಹೇಳಲು ಆಗುತ್ತಿಲ್ಲ. ಹದಿನಾರು ಗಂಟೆ ಅವನಿಗೆ ಎಲ್ಲೋ ಬಿದ್ದು ಸಿಕ್ಕಿದ್ದಲ್ಲ. ಇನ್ನೊಬ್ಬಳು ತನ್ನ ಹದಿನಾರು ಗಂಟೆಯನ್ನು ಚೂರು ಚೂರು ಮಾಡಿಕೊಂಡು ಅವನದನ್ನು ಇಡಿಯಾಗಿ ಉಳಿಸಿದಳು. 1782ರಲ್ಲಿ ದೊರೆ ಮೂರನೇ ಜಾರ್ಜ್ ಅವನಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಅವನು ಸಂಗೀತ ಬಿಟ್ಟ, ಅವಳ ಹಾಡೂ ಅಲ್ಲಿಗೆ ನಿಂತಿತು. ಅವಳು ಮೊದಲ ಧೂಮಕೇತುವನ್ನು ಕಂಡದ್ದು 1786ರ ಆಗಸ್ಟ್ 1ರಂದು. ಆ ದಿನಗಳಲ್ಲಿ ಅಣ್ಣ ಜರ್ಮನಿಗೆ ಹೋಗಿದ್ದ. ಇದನ್ನು ನಾನು ಬೇಕಂತಲೇ ಒತ್ತಿ ಹೇಳುತ್ತಿದ್ದೇನೆ. ಅಣ್ಣ ಮನೆಯಲ್ಲಿ ಇಲ್ಲದಾಗ ಅವಳ ರಾತ್ರಿ ಅವಳದಾಗಿತ್ತು. ಮುಂದೆ ಒಟ್ಟು ಎಂಟು ಧೂಮಕೇತುಗಳು ಅವಳ ಲೆಕ್ಕಕ್ಕೆ ಸೇರಿದವು, 1787ರಿಂದ ಅವಳಿಗೂ ವರ್ಷಕ್ಕೆ 50 ಪೌಂಡ್ ಸಂಬಳ ಬಂತು, 1828ರಲ್ಲಿ ಲಂಡನ್ನಿನ ಖಗೋಳ ಸಂಘ ಚಿನ್ನದ ಪದಕ ಕೊಟ್ಟಿತು.

ದಿನವನ್ನು ಮೂರು ಪಾಲು ಮಾಡಿ, ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನಸ್ಸಿಗೆ ಬಂದದ್ದು, ಎಂಟು ಗಂಟೆ ನಿದ್ದೆ ಅನ್ನುವ ಘೋಷಣೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವನ್ ಹೆಸರಿನಲ್ಲಿ ಹೇಳುತ್ತಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಡಂಬಡಿಕೆಯೇ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆ ಅನ್ನುವುದು. ದೊಡ್ಡ ಗೆಲುವು, ಅದರ ನೆರಳಲ್ಲೇ ನಾನೂ ದುಡಿಯುತ್ತಿರುವುದು. ಆದರೆ ಆ ಮೂರು ಪಾಲಿನಲ್ಲಿ ಅಡುಗೆ ಎಲ್ಲಿದೆ? ಡ್ರಾಪ್ಸ್ ಎಲ್ಲಿದೆ? ಮಗ್ಗಿ ಎಲ್ಲಿದೆ? ಘೋಷಣೆ ಕೂಗಿದವರ ಮನೆಯಲ್ಲಿ ಅದನ್ನು ಮಾಡಲು ಬೇರೆಯವರಿದ್ದರು, ಹಾಗಾಗಿ ಲೆಕ್ಕಕ್ಕೆ ಬರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಇದನ್ನೇ "ಎರಡನೇ ಪಾಳಿ" ಅಂತ ಕರೆದು ಪುಸ್ತಕ ಬರೆದರು. ಎರಡನೇ ಪಾಳಿ ಮುಗಿದ ಮೇಲೆ ಉಳಿದದ್ದು ಹವ್ಯಾಸಕ್ಕೆ. ಉಳಿಯುವುದು ಚೂರುಗಳೇ.

ಜಮಾ ಖರ್ಚಿನ ಎರಡು ಬದಿಯ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲುಕಾ ಪಾಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿ ಐನೂರು ವರ್ಷ ದಾಟಿದೆ. ಅದರ ಮೂಲ ಸೂತ್ರ ಇಷ್ಟೇ, ಒಬ್ಬರ ಖಾತೆಗೆ ಬಂದದ್ದು ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಇಡೀ ದಿನ ಇದನ್ನೇ ಬರೆಯುವ ನಾನು ಮನೆಯಲ್ಲಿ ಮಾತ್ರ ಒಂದೇ ಬದಿ ನೋಡುತ್ತಿದ್ದೆ, ನನಗೆ ಎಷ್ಟು ಹೊತ್ತು ಸಿಕ್ಕಿತು, ಎಷ್ಟು ಸಿಗಲಿಲ್ಲ ಅಂತ. ನಮ್ಮ ಮನೆಯವರೂ ಹಾಗೇ. ಇಬ್ಬರೂ ಒಂದೇ ಮೇಜಿಗೆ ಕೂತು ಬರೆದಿರಲಿಲ್ಲ.

ಒಂದು ರಾತ್ರಿ ಕೂತೆವು, ಮಗಳ ಗೆರೆ ಹಾಕಿದ ಹಳೆಯ ನೋಟ್‌ಬುಕ್ ಇಟ್ಟುಕೊಂಡು. ವಾರದಲ್ಲಿ ಯಾರಿಗೆ ಇಡೀ ಹೊತ್ತು ಸಿಕ್ಕಿತು, ಆಗ ಮನೆ ನೋಡಿಕೊಂಡವರು ಯಾರು. ಒಂದು ಗಂಟೆಗಿಂತ ಕಡಿಮೆಯದನ್ನು ಬರೆಯುವುದು ಬೇಡ ಅಂದುಕೊಂಡೆವು, ಅದು ಜಗಳಕ್ಕೆ ದಾರಿ. ಇವರ ಭಾನುವಾರದ ನಾಲ್ಕು ಗಂಟೆ ಮೊದಲ ಸಾಲಿಗೇ ಬಂತು, ಎದುರಿಗೆ ನನ್ನ ಹೆಸರು. "ಅದು ವ್ಯಾಯಾಮ ಕಣೇ" ಅಂದರು. "ಇರಲಿ ರೀ, ವಿವರಣೆಯಲ್ಲಿ ವ್ಯಾಯಾಮ ಅಂತಲೇ ಬರೀತೀನಿ. ಗಂಟೆ ನಾಲ್ಕೇ ತಾನೇ?" ಅಂದೆ. ನನ್ನ ಲೆಕ್ಕ ಮುಗಿಸುವ ವಾರವೂ ಬಂತು. ಆ ಸಂಜೆಗಳಲ್ಲೆಲ್ಲ ಎದುರು ಬದಿಯಲ್ಲಿ ಇವರು, ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಸಾಲುಗಳಲ್ಲಿ. ಅದನ್ನು ನೋಡಿ ನನ್ನ ದನಿ ಸ್ವಲ್ಪ ಇಳಿಯಿತು. ಅತ್ತೆಯ ಹೆಸರು ಬಹಳ ಕಡೆ ಬಂತು, ಎಲ್ಲ ಸಲವೂ ಕೊಟ್ಟವರ ಬದಿಯಲ್ಲಿ. ಕಣ್ಣಿನ ಆಪರೇಷನ್ ಆದ ವಾರ ಒಂದನ್ನು ಬಿಟ್ಟರೆ ಪಡೆದವರ ಬದಿಯಲ್ಲಿ ಅವರಿಗೆ ಒಂದು ಸಾಲೂ ಇರಲಿಲ್ಲ.

ಮಲಗಿದ್ದಾಳೆ ಅಂದುಕೊಂಡಿದ್ದ ಮಗಳು ಬಾಗಿಲಿನಿಂದಲೇ ಕೇಳಿದಳು, "ನನ್ನ ಹೆಸರು ಯಾಕಿಲ್ಲ?"

"ನೀನೇನು ಕೊಟ್ಟೆ?"

"ಕಾಯ್ತೀನಲ್ಲ. ನೀನು ಕನ್ನಡಿ ತೆಗೆದಿಡೋವರೆಗೂ ಕಾಯ್ತೀನಿ. ಅದೂ ಕೊಟ್ಟ ಹಾಗೇ ಅಲ್ವಾ?"

ಆಡಿಟ್‌ನವರು ಕೂಡ ಇಷ್ಟು ಸರಿಯಾಗಿ ಬಿಟ್ಟುಹೋದ ನಮೂದನ್ನು ಹಿಡಿದದ್ದು ನನಗೆ ನೆನಪಿಲ್ಲ. ಅವಳಿಗೂ ಒಂದು ಪುಟ ತೆರೆದೆವು. ಶನಿವಾರ ಮಧ್ಯಾಹ್ನ ಎರಡು ಗಂಟೆ, ನಮ್ಮಿಬ್ಬರಲ್ಲಿ ಒಬ್ಬರು, ಫೋನ್ ಇಲ್ಲದೆ. ಏನು ಮಾಡಬೇಕು ಅನ್ನುವುದು ಅವಳ ಇಷ್ಟ. ಹೆಚ್ಚಿನ ಸಲ ಅವಳು ಏನೂ ಮಾಡುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ಬಿದ್ದುಕೊಂಡು ಮಾತಾಡುತ್ತಾಳೆ.

ಈ ಪುಸ್ತಕ ಇಟ್ಟ ಮೇಲೆ ಹೊತ್ತು ಹೆಚ್ಚಾಗಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ದಿನಕ್ಕೆ ಮೊದಲೂ ಇಪ್ಪತ್ನಾಲ್ಕು ಗಂಟೆ, ಈಗಲೂ ಅಷ್ಟೇ. ನಾನು ಕೈಬಿಟ್ಟದ್ದೂ ಇದೆ. ಎಂಟು ಇಂಚಿನ ಕನ್ನಡಿ ಬೇಕು ಅಂತ ಆಸೆ ಇತ್ತು, ಆರಕ್ಕೆ ಇಳಿಸಿದೆ. ಕಚೇರಿಯಲ್ಲಿ ಇನ್ನೊಂದು ವಿಭಾಗದ ಲೆಕ್ಕವನ್ನೂ ನೋಡಿಕೊಳ್ಳಿ, ಪದವಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ ಅಂದರು. ಈ ವರ್ಷ ಬೇಡ ಅಂದೆ. ಆಸೆ ಇರಲಿಲ್ಲ ಅಂತಲ್ಲ. ಆ ವಿಭಾಗದ ಲೆಕ್ಕ ಮುಗಿಸುವ ದಿನಗಳು ನನ್ನ ವಾರದ ಪಕ್ಕದ ವಾರ ಬೀಳುತ್ತವೆ. ತಿಂಗಳ ಅರ್ಧ ಭಾಗ ನಾನು "ಹ್ಞೂಂ" ಅನ್ನುತ್ತಾ ಕಳೆಯಬೇಕಾಗುತ್ತದೆ. ಗೆಳತಿಯೊಬ್ಬಳು ಕನ್ನಡಿಗಾಗಿ ಬಡ್ತಿ ಬಿಟ್ಟೆಯಾ ಅಂತ ಬೈದಳು. ಕನ್ನಡಿಗಾಗಿ ಅಲ್ಲ, ಅಂದರೆ ಅವಳು ನಂಬಲಿಲ್ಲ. ನಾನೂ ಪೂರ್ತಿ ನಂಬಿಲ್ಲ ಅನ್ನಿ.

ಬೇರೆ ಏನು ಬದಲಾಯಿತು ಅಂದರೆ, ಕೇಳುವ ಬಗೆ. ಮೊದಲು "ಸ್ವಲ್ಪ ಹೊತ್ತು ಮಗು ನೋಡ್ಕೊಳ್ತೀರಾ?" ಅನ್ನುತ್ತಿದ್ದೆ. ಸ್ವಲ್ಪ ಹೊತ್ತು ಅಂದರೆ ಎಷ್ಟು ಅಂತ ಇವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅರ್ಧ ಗಂಟೆಗೇ ಒಬ್ಬರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಇನ್ನೊಬ್ಬರಿಗೆ ಸಿಟ್ಟು ಬರುತ್ತಿತ್ತು. ಈಗ "ಗುರುವಾರ ರಾತ್ರಿ ಎಂಟರಿಂದ ಒಂಬತ್ತೂವರೆ, ಪುಡಿ ಬದಲಿಸೋದಿದೆ, ತುಂಡು ಮಾಡೋ ಹಾಗಿಲ್ಲ" ಅನ್ನುತ್ತೇನೆ. ಆಗಲ್ಲ ಅನ್ನಲಿಕ್ಕೂ ಅವರಿಗೆ ಸುಲಭ. ಆಗಲ್ಲ ಅಂದ ದಿನ ನಾನು ವೆಟ್ ಮಾಡಿಕೊಂಡು ಇರುತ್ತೇನೆ, ಅಥವಾ ಅದನ್ನೂ ಮಾಡದೆ ಮಲಗುತ್ತೇನೆ. ಗಾಜು ಕೆಡುವ ವಸ್ತುವಲ್ಲ.

ಅತ್ತೆಯ ಪುಟ ತುಂಬುವುದು ಎಲ್ಲಕ್ಕಿಂತ ಕಷ್ಟವಾಯಿತು. ನಿಮಗೇನು ಬೇಕು ಅಂದರೆ "ನನಗೇನಮ್ಮಾ" ಅನ್ನುವ ತಲೆಮಾರು ಅವರದು. ಎರಡೂ ಕಣ್ಣು ಸರಿಹೋಗಿ ಮತ್ತೆ ಓದಲು ಆಗತೊಡಗಿದ ಮೇಲೆ ತಾವಾಗಿಯೇ ಬಂದು ಹೇಳಿದರು. ಸಂಜೆ ನಾಲ್ಕರಿಂದ ಆರು, ಯಾರೂ ಮಗುವನ್ನು ತಮ್ಮ ಹತ್ತಿರ ಬಿಟ್ಟು ಹೋಗಬಾರದು, ಬೆಲ್ ಆದರೆ ತಾವು ಏಳುವುದಿಲ್ಲ. ಬರೆದುಕೋ ಅಂದರು. ಬರೆದುಕೊಂಡೆ. ಅದರಿಂದ ಆದ ತೊಂದರೆ ಏನೆಂದರೆ, ನಮ್ಮಿಬ್ಬರ ಕಚೇರಿ ಮುಗಿಯುವ ಮೊದಲು ಮಗಳು ಶಾಲೆಯಿಂದ ಬರುವ ಹೊತ್ತೂ ಅದೇ. ಇಷ್ಟು ದಿನ ಆ ಎರಡು ಗಂಟೆಯನ್ನು ಅತ್ತೆ ಕೊಡುತ್ತಿದ್ದರು ಅನ್ನುವುದು ಕೂಡ ಯಾವ ಸಾಲಿನಲ್ಲೂ ಬರೆದಿರಲಿಲ್ಲ. ಈಗ ಇವರು ವಾರಕ್ಕೆ ಮೂರು ದಿನ ಬೇಗ ಹೊರಟು ರಾತ್ರಿ ಕೆಲಸ ಮುಂದುವರಿಸುತ್ತಾರೆ, ನಾನು ಎರಡು ದಿನ. ಲೆಕ್ಕ ಮುಗಿಸುವ ವಾರ ಐದು ದಿನವೂ ಇವರೇ. ಅದನ್ನು ನಾನು ಹೇಗೆ ತೀರಿಸಬೇಕು ಅನ್ನುವುದು ಇನ್ನೂ ಚರ್ಚೆಯಲ್ಲಿದೆ.

ಕನ್ನಡಿ ಸದ್ಯ 320ರಲ್ಲಿದೆ. ಇನ್ನೆರಡು ನಯವಾದ ಪುಡಿ ಆದರೆ ಪಿಚ್‌ನ ಸರದಿ. 80ನೇ ನಂಬರಿನ ಸದ್ದಿಗೆ ಹಗಲು ಮಾತ್ರ ತಿಕ್ಕಬೇಕಾಗಿತ್ತು, ಈಗ ಎಲ್ಲರೂ ಮಲಗಿದ ಮೇಲೂ ತಿಕ್ಕಬಹುದು, ಒಳಗೆ ಕೇಳಿಸುವುದಿಲ್ಲ. ಪಿಚ್ ಎರೆಯಲು ಒಂದು ಭಾನುವಾರದ ಬೆಳಿಗ್ಗೆ ಕೇಳಿದ್ದೇನೆ. ಇವರು ಆ ದಿನ ಸೈಕಲ್ ಬಿಟ್ಟು ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಹೊರಗೆ ಹೋಗುತ್ತಾರೆ, ಪೂರ್ತಿ ಮೂರು ಗಂಟೆ. ಅದಕ್ಕೆ ಬದಲು ಮುಂದಿನ ತಿಂಗಳು ಒಂದು ಇಡೀ ದಿನದ ಸವಾರಿ ಬೇಕಂತೆ. ಒಪ್ಪಿದೆ, ಆಡಿಟ್ ವಾರದಲ್ಲಿ ಮಾತ್ರ ಆಗುವುದಿಲ್ಲ ಅಂದೆ.

"ಒಂದೇ ಸಲಕ್ಕೆ ಸರಿಯಾಗಿ ಕೂರುತ್ತಾ ಅದು?" ಅಂತ ಕೇಳಿದರು. ಮೊದಲ ಸಲ ಎರೆಯುವವರಿಗೆ ಹೆಚ್ಚಾಗಿ ಕೂರುವುದಿಲ್ಲ, ಕೆತ್ತಿ ತೆಗೆದು ಮತ್ತೆ ಎರೆಯಬೇಕಾಗುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾಗಿ ಎರಡು ಭಾನುವಾರಕ್ಕೆ 'ಅರ್ಜಿ' ಹಾಕಿದ್ದೇನೆ. ಒಂದು ಮಂಜೂರಾಗಿದೆ. ಎರಡನೆಯದನ್ನು ಇವರು ಅತ್ತೆಯ ಕಡೆಗೆ ತಳ್ಳಿದ್ದಾರೆ, ಅತ್ತೆ ಮಗಳ ಕಡೆಗೆ.